ಕಲ್ಲಿನ ಕೆಳಗಿನ ಹತ್ತು ಗುಂಟೆ

ನಿಮ್ಮ ಅಜ್ಜನೂ ನಾನೂ ಭಾನುವಾರ ಸಂಜೆ ಸೈಟು ನೋಡಲು ಹೋಗುತ್ತಿದ್ದೆವು. ಕೊಳ್ಳಲು ಅಲ್ಲ, ಬರೀ ನೋಡಲು. ಬೇರೆಯವರು ಸಿನಿಮಾಕ್ಕೆ ಹೋಗುತ್ತಿದ್ದರು, ವರದಹಳ್ಳಿ ಆಶ್ರಮಕ್ಕೆ ಹೋಗಿ ಬರುತ್ತಿದ್ದರು. ನಾವು ಸಾಗರದ ಹೊರಗೆ ಎಲ್ಲಿ ಹೊಸದಾಗಿ ಕಲ್ಲು ನೆಟ್ಟಿದ್ದಾರೆ ಎಂದು ವಿಚಾರಿಸಿಕೊಂಡು ಅಲ್ಲಿಗೆ ನಡೆದೇ ಹೋಗುತ್ತಿದ್ದೆವು. ಅವರು ಟೈಲರ್ ಆಗಿದ್ದವರು. ಎಷ್ಟೋ ಸಲ ಕೊರಳಲ್ಲಿ ಟೇಪು ಹಾಗೇ ಇರುತ್ತಿತ್ತು, ತೆಗೆದಿಡಲು ಮರೆತು ಬಂದುಬಿಡುತ್ತಿದ್ದರು. ಆ ಐದಡಿಯ ಟೇಪಿನಲ್ಲಿ ಮೂವತ್ತು ನಲವತ್ತರ ಸೈಟು ಅಳೆಯುವುದು ಅವರಿಗೆ ಆಟ. ಒಂದು ತುದಿ ನಾನು ಹಿಡಿಯಬೇಕು, ಇನ್ನೊಂದು ತುದಿ ಹಿಡಿದುಕೊಂಡು ಅವರು ಮುಂದೆ ಹೋಗಬೇಕು. ಅವರು ನಿಂತಲ್ಲಿ ಸೀಮೆಸುಣ್ಣದ ಗೆರೆ, ಮತ್ತೆ ನಾನು ಆ ಗೆರೆಗೆ ಬರಬೇಕು. ಹೀಗೆ ಉದ್ದಕ್ಕೆ ಎಂಟು ಸಲ, ಅಗಲಕ್ಕೆ ಆರು ಸಲ. ಯಾರಾದರೂ ನೋಡುತ್ತಾರೇನೋ ಎಂದು ನನಗೆ ಜೀವ ಹೋಗುವಷ್ಟು ನಾಚಿಕೆ.

"ಅಳತೆ ತಗೊಂಡ ಮೇಲೆ ಹೊಲಿದು ಕೊಡ್ಬೇಕು. ಇದಕ್ಕೆಂತ ಹೊಲಿತೀರಿ?" ಎಂದು ಒಮ್ಮೆ ಕೇಳಿದೆ.

"ಗಿರಾಕಿ ಮೊದ್ಲು ಬಟ್ಟೆ ತರ್ಲಿ," ಎಂದರು.

ಬಟ್ಟೆ ಬರಲೇ ಇಲ್ಲ. ಮದುವೆಯಾಗಿ ಬಂದಾಗಿನಿಂದ ಅವರು ಹೋಗುವವರೆಗೆ ಐದು ಬಾಡಿಗೆ ಮನೆ ಬದಲಾಯಿಸಿದೆವು. ಯಾವ ಮನೆಯಲ್ಲೂ ಕೇಳದೆ ಮೊಳೆ ಹೊಡೆದವಳಲ್ಲ ನಾನು. ಇದನ್ನೆಲ್ಲ ಈಗ ಬರೆಯುತ್ತಿರುವುದು ನೀವು ಹೋದ ರಜೆಯಲ್ಲಿ ಕೇಳಿದ ಪ್ರಶ್ನೆಗೆ. ಮನೆಯ ಹಿಂದೆ ಎಲ್ಲ ಕಡೆ ಸಿಮೆಂಟ್ ಹಾಕಿ ಒಂದು ಮೂಲೆ ಮಾತ್ರ ಮಣ್ಣೇ ಬಿಟ್ಟಿರುವುದು ಯಾಕೆ ಎಂದು ಕೇಳಿದಿರಿ. ನಾನು ಸುಮ್ಮನೆ ನಕ್ಕೆ. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ, ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರವಾದರೂ ಇದೆ.

ಮೊದಲು ನನ್ನ ಊರಿನ ವಿಷಯ ಹೇಳಬೇಕು. ಅದು ಹೊಸನಗರದ ಕಡೆ, ಈಗ ನೀರಿನ ಅಡಿಯಲ್ಲಿದೆ. ಲಿಂಗನಮಕ್ಕಿಯಲ್ಲಿ ಕಟ್ಟೆ ಕಟ್ಟಿದಾಗ ನನಗೆ ಏಳೋ ಎಂಟೋ ವರ್ಷ. ನಾವು ಗೇಣಿ ಒಕ್ಕಲು. ಗದ್ದೆ ಒಡೆಯರದ್ದು, ಗೇಯುವುದು ನಮ್ಮದು. ಪರಿಹಾರ ಅಂತ ಬಂದದ್ದರಲ್ಲಿ ದೊಡ್ಡ ಪಾಲು ಯಾರ ಹೆಸರಲ್ಲಿ ನೆಲ ಇತ್ತೋ ಅವರಿಗೆ. ನಮ್ಮನ್ನು ಲಾರಿಯಲ್ಲಿ ಕೂರಿಸಿ ಆನಂದಪುರದ ಆಚೆ ಕಾಡು ಕಡಿದ ಜಾಗದಲ್ಲಿ ಇಳಿಸಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಉಳುವವನಿಗೇ ನೆಲ ಎಂದು ಕಾನೂನು ಬಂತು. "ನಮ್ಮೂರು ಇನ್ನೊಂದು ಸ್ವಲ್ಪ ತಡೆದು ಮುಳುಗಿದ್ರೆ ನಾನೂ ಒಡೆಯ ಆಗ್ತಿದ್ದೆ," ಎಂದು ಅಪ್ಪ ನಗುತ್ತಿದ್ದ. ನೀರಿನೊಳಗಿನ ನೆಲಕ್ಕೆ ಅರ್ಜಿ ಹಾಕುವುದು ಹೇಗೆ? ಹೊಸ ಜಾಗದ ಕಾಗದವೂ ಅಪ್ಪನ ಹೆಸರಿಗೆ ಕೊನೆವರೆಗೂ ಆಗಲಿಲ್ಲ.

ಲಾರಿಯಲ್ಲಿ ಅಮ್ಮ ತೊಡೆಯ ಮೇಲೆ ಇಟ್ಟುಕೊಂಡು ಬಂದದ್ದು ಭೂಮಣ್ಣಿ ಬುಟ್ಟಿ. ನೀವು ಅದನ್ನು ನನ್ನ ಕಪಾಟಿನ ಮೇಲೆ ನೋಡಿದ್ದೀರಿ, ಆದರೆ ಅದು ಅಂದಕ್ಕೆ ಇಟ್ಟದ್ದಲ್ಲ. ಆಶ್ವೀಜದ ಹುಣ್ಣಿಮೆಗೆ ಗದ್ದೆಯಲ್ಲಿ ಭತ್ತ ಹೊಡೆ ತುಂಬಿರುತ್ತದೆ, ತೆನೆ ಇನ್ನೂ ಒಳಗೇ ಇರುತ್ತದೆ. ನೆಲ ಬಸುರಿ ಎಂದು ನಮ್ಮವರ ಲೆಕ್ಕ. ಬಸುರಿಗೆ ಬಯಕೆ ಊಟ ಹಾಕಬೇಕಲ್ಲ? ಬುಟ್ಟಿಗೆ ಸೆಗಣಿ ಬಳಿದು, ಮೇಲೆ ಕೆಮ್ಮಣ್ಣು ಹಚ್ಚಿ, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರೆ. ಹತ್ತಾರು ಬಗೆ ಸೊಪ್ಪು, ಸೌತೆ, ಅಮಟೆಕಾಯಿ ಎಲ್ಲ ಸೇರಿಸಿ ಉಪ್ಪಿಲ್ಲದೆ ಬೇಯಿಸಿ ಅನ್ನಕ್ಕೆ ಕಲಸಿದರೆ ಹಚ್ಚಂಬಲಿ. ಬೆಳಕು ಹರಿಯುವ ಹೊತ್ತಿಗೆ ಅದನ್ನು ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ ಗದ್ದೆಯ ತುಂಬ ಬೀರುವುದು. ಬೀರುವಾಗ ಉಣ್ಣು ತಾಯೀ ಎಂದು ಕೂಗಬೇಕು, ಗುಡ್ಡದ ಆಚೆಗೂ ಕೇಳುವ ಹಾಗೆ.

ಆನಂದಪುರದ ಕಡೆ ಬಂದ ಮೊದಲ ವರ್ಷ ಹಬ್ಬ ಬಂದಾಗ ನಮಗೆ ಗದ್ದೆಯೇ ಇರಲಿಲ್ಲ. ಎಲ್ಲೆಲ್ಲೂ ಮರದ ಬೊಡ್ಡೆ. ಅಮ್ಮ ಆದರೂ ಹಚ್ಚಂಬಲಿ ಮಾಡಿದಳು. ಬುಟ್ಟಿ ಹಿಡಿದು ಹೊರಗೆ ನಿಂತು, "ಎಲ್ಲಿಗೆ ಬೀರೋದು?" ಎಂದು ಕೇಳಿದಳು.

"ಇಲ್ಲೇ ಬೀರು. ಯಾವ್ದಾದ್ರೂ ನೆಲವೇ ಅಲ್ವಾ," ಎಂದ ಅಪ್ಪ.

ಅಮ್ಮ ಅರ್ಧ ಬೀರಿದಳು. ಇನ್ನರ್ಧ ಬುಟ್ಟಿಯಲ್ಲೇ ವಾಪಸ್ ತಂದಳು. ಯಾಕೆ ಎಂದು ನಾವು ಯಾರೂ ಕೇಳಲಿಲ್ಲ.

ಮದುವೆಯಾಗಿ ಸಾಗರಕ್ಕೆ ಬಂದ ಮೇಲೆ ಆ ಅರ್ಧವೂ ಇಲ್ಲ. ಅಮ್ಮ ಹೋದಾಗ ಬುಟ್ಟಿ ನನ್ನ ಪಾಲಿಗೆ ಬಂತು, ನೆಲ ಬರಲಿಲ್ಲ. ಹಬ್ಬದ ದಿನ ಒಂದು ಹಿಡಿ ಹಚ್ಚಂಬಲಿಯನ್ನು ತುಳಸಿಯ ಕುಂಡಕ್ಕೆ ಹಾಕುತ್ತಿದ್ದೆ. ಒಂದು ವರ್ಷ ಧೈರ್ಯ ಮಾಡಿ ಹಿತ್ತಲಲ್ಲಿ ಬೀರಿದೆ. ಮನೆ ಯಜಮಾನಿತಿ ಬಂದು, "ಅನ್ನ ಚೆಲ್ಲಿದ್ರೆ ಇರುವೆ ಬರ್ತವೆ ಮಾರಾಯ್ತಿ, ನಿಮ್ದೆಂತ ಪದ್ಧತಿ," ಎಂದರು. ನಾನು ಕೂತು ಒಂದೊಂದೇ ಅಗುಳು ಹೆಕ್ಕಿದೆ. ಸಂಜೆ ನಿಮ್ಮ ಅಜ್ಜನಿಗೆ ಹೇಳಿದರೆ ಅವರು ಮೆಷಿನ್ ನಿಲ್ಲಿಸಿ, "ಬಾಡಿಗೆ ಭೂಮಿಗೆ ಬಯಕೆ ಇರಲ್ವಂತೆ," ಎಂದರು. ಆಮೇಲೆ ನಗಲಿಲ್ಲ. ಭಾನುವಾರ ಸೈಟು ನೋಡಲು ಹೋಗುವ ರೂಢಿ ಶುರುವಾದದ್ದು ಆ ವಾರದಿಂದ.

ಅವರು ಹೋದರು. ಸೊಸೈಟಿಯಲ್ಲಿ ಅವರ ಹೆಸರಿನಲ್ಲಿ ಇದ್ದ ಠೇವಣಿ ನನ್ನ ಹೆಸರಿಗೆ ಬಂತು. ಅಷ್ಟು ಇತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಬಟ್ಟೆ ತರಲು ಕೂಡಿಡುತ್ತಲೇ ಇದ್ದರು, ಪಾಪ, ಹೇಳಿರಲಿಲ್ಲ.

ನಿಮ್ಮ ಅಮ್ಮ ಆಗಲೇ ತೀರ್ಥಹಳ್ಳಿಯಲ್ಲಿ ಕೆಲಸಕ್ಕಿದ್ದಳು. ಅವಳ ಕೆಲಸವೇ ಸಾಲ ಕೇಳಿ ಬಂದವರ ಜಾಗದ ಕಾಗದ ನೋಡುವುದು. "ಅಮ್ಮ, ಒಂದು ಸೈಟು ತಗೋ. ಚಿಕ್ಕ ಮನೆ ಕಟ್ಟಿ ಅರ್ಧ ಬಾಡಿಗೆಗೆ ಕೊಡು. ಯಾರ ಹತ್ರಾನೂ ಕೈಚಾಚೋದು ಬೇಡ," ಎಂದಳು. ನಾನು ಬೇಡ ಅನ್ನಲಿಲ್ಲ. ಅವಳು ತನಗೆ ಗೊತ್ತಿದ್ದದ್ದನ್ನೆಲ್ಲ ಫೋನಿನಲ್ಲಿ ನನಗೆ ಕಲಿಸಿದಳು. ಪಹಣಿಯಲ್ಲಿ ಒಂಬತ್ತನೇ ಕಾಲಂ ನೋಡು, ಮಾಲೀಕನ ಹೆಸರು ಅಲ್ಲಿರ್ತದೆ. ಹನ್ನೊಂದನೇ ಕಾಲಂ ನೋಡು, ಸಾಲ ಗೀಲ ಇದ್ದರೆ ಅಲ್ಲಿ ಗೊತ್ತಾಗ್ತದೆ. ಇಸಿ ಅಂತ ಋಣಭಾರದ ಪತ್ರ ಇರ್ತದೆ, ಅದನ್ನು ತೆಗೆಸದೆ ಮುಂಗಡ ಕೊಡಬೇಡ. ಸರ್ವೆ ಮಾಡಿಸದೆ ರಿಜಿಸ್ಟ್ರೇಷನ್ ಬೇಡ. ಶಾಲೆಯಲ್ಲಿ ಮಗ್ಗಿ ಬಾಯಿಪಾಠ ಮಾಡಿದ ಹಾಗೆ ನಾನು ಇವನ್ನೆಲ್ಲ ಮಾಡಿದೆ. ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದೂ ಇಟ್ಟುಕೊಂಡೆ.

ಜಾಗ ತೋರಿಸಲು ಒಬ್ಬ ಏಜೆಂಟ್ ಸಿಕ್ಕಿದ. ಮೊದಲು ಬಸ್ ಕಂಡಕ್ಟರ್ ಆಗಿದ್ದವನು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆಯ ಒಂದೊಂದು ಕ್ರಾಸೂ ಅವನಿಗೆ ಬಾಯಲ್ಲೇ. ಹಳೇ ಕಾರಿನಲ್ಲಿ ನನ್ನನ್ನು ಹಿಂದೆ ಕೂರಿಸಿಕೊಂಡು ಒಂದು ತಿಂಗಳು ಸುತ್ತಿಸಿದ. ನಾನು ಇಳಿಯುತ್ತಿದ್ದೆ, ನೋಡುತ್ತಿದ್ದೆ, ಹತ್ತುತ್ತಿದ್ದೆ. ಗಂಡಸರ ಎದುರು ಜಾಗದ ಮಾತು ಆಡಿ ಗೊತ್ತಿಲ್ಲ. ಮಾತು ಅಂತಿದ್ದರೆ ಎಲ್ಲ ನಿಮ್ಮ ಅಜ್ಜನೇ.

"ಅಕ್ಕ ಬೇಕು ಅಂತಾನೂ ಅನ್ನಲ್ಲ, ಬೇಡ ಅಂತಾನೂ ಅನ್ನಲ್ಲ," ಎಂದು ಅವನು ನಿಮ್ಮ ಅಮ್ಮನಿಗೆ ಫೋನಿನಲ್ಲಿ ದೂರು ಹೇಳಿದ. "ಎಲ್ಲಿ ಇಳೀಬೇಕು ಅಂತ ಹೇಳದ ಪ್ಯಾಸೆಂಜರ್ ಇಟ್ಕೊಂಡು ನಾನೆಂತ ಮಾಡ್ಲಿ, ಮೇಡಂ?"

ವೈಶಾಖದಲ್ಲಿ ಒಂದು ದಿನ ಹೊಸನಗರದ ಕಡೆ ಒಂದು ಸೈಟು ನೋಡಿ ವಾಪಸ್ ಬರುತ್ತಿದ್ದೆವು. ಅವನು ಮಾತಿಗೆ ಮಾತು ಸೇರಿಸುತ್ತ, "ಇಲ್ಲೊಬ್ಬ ಮುದುಕ ನೀರಂಚಿಗೆ ಹತ್ತು ಗುಂಟೆ ಕೊಡ್ತೀನಿ ಅಂತಿದಾನೆ. ಅದೆಲ್ಲ ನಿಮಗಲ್ಲ ಬಿಡಿ," ಎಂದ. ಊರಿನ ಹೆಸರೂ ಹೇಳಿದ. ನಮ್ಮೂರ ಪಕ್ಕದ ಊರು ಅದು.

"ನೋಡಿಕೊಂಡು ಹೋಗಬಹುದಾ?" ಎಂದೆ. ಅವನು ಕಾರು ನಿಲ್ಲಿಸಿ ಹಿಂದೆ ತಿರುಗಿ ನೋಡಿದ.

ಬೇಸಿಗೆಯಲ್ಲಿ ಹಿನ್ನೀರು ಹೇಗಿರುತ್ತದೆ ಎಂದು ನೀವು ನೋಡಿದ್ದೀರಿ. ನೀರು ದೂರಕ್ಕೆ ಇಳಿದು, ಮೇಲಿಂದ ಅಲ್ಲಿಯವರೆಗೆ ಎಳೆ ಹುಲ್ಲು ಹಬ್ಬಿಕೊಂಡಿತ್ತು. ಅಲ್ಲಲ್ಲಿ ಮುಳುಗಿದ ಕಾಲದ ಮರದ ಬೊಡ್ಡೆಗಳು ಕಪ್ಪಗೆ ನಿಂತಿದ್ದವು. ಮುದುಕ ನಮ್ಮನ್ನು ತನ್ನ ಗದ್ದೆಯ ಕೆಳಗೆ ಒಂದು ಚೌಕದ ಕಲ್ಲಿನವರೆಗೆ ಕರೆದುಕೊಂಡು ಹೋದ. "ಈ ಕಲ್ಲಿಂದ ಆ ಬೊಡ್ಡೆವರೆಗೆ. ನಮ್ಮಪ್ಪನ ಕಾಲದಿಂದ ನಾವೇ ಮಾಡ್ತಿರೋದು," ಎಂದ. ಹುಲ್ಲಿನ ನಡುವೆ ಅವನು ಹಾಕಿದ್ದ ಹುರುಳಿಯ ಕೂಳೆ ಇನ್ನೂ ಇತ್ತು.

ನಾನು ಅವನನ್ನು ನೋಡುತ್ತಿರಲಿಲ್ಲ. ನೀರಿನ ಆಚೆ ಒಂದು ಗುಡ್ಡದ ತಲೆ ಎದ್ದಿತ್ತು. ಬಲಗಡೆ ಇಳಿಜಾರು, ಎಡಗಡೆ ಕಡಿದ ಹಾಗೆ ನೇರ. ನಮ್ಮ ಮನೆಯ ಹಿಂದಿನ ಗುಡ್ಡ ಅದು. ದನ ಬಿಟ್ಟುಕೊಂಡು ಅದರ ತುದಿಗೆ ಹೋಗಿ ಕೂಗಿದರೆ ಅಮ್ಮ ಅಂಗಳದಿಂದ ಓಗೊಡುತ್ತಿದ್ದಳು. ಅಂಗಳ ಎಲ್ಲಿರಬಹುದು ಎಂದು ನೀರಿನ ಮೇಲೆ ಕಣ್ಣಲ್ಲೇ ಅಳೆದೆ. ಬಹಳ ದೂರ ಇರಲಿಲ್ಲ. ಆ ಕಲ್ಲಿನ ಮೇಲೆ ಕೂತೆ.

"ತಗೊಳ್ತೀನಿ," ಎಂದೆ.

ಏಜೆಂಟ್ ನನ್ನನ್ನು ಪಕ್ಕಕ್ಕೆ ಕರೆದ. "ಅಕ್ಕಾ, ಸ್ವಲ್ಪ ಚೌಕಾಶಿ ಮಾಡಿ. ಇಷ್ಟು ಬೇಗ ಒಪ್ಪಿದ್ರೆ ಆ ಮುದುಕನಿಗೇ ಅನುಮಾನ ಬರ್ತದೆ."

ನಿಮ್ಮ ಅಮ್ಮನಿಗೆ ಸಿಟ್ಟು ಬಂತು. "ಬಾಡಿಗೆ ಬರಲ್ಲ, ಮನೆ ಕಟ್ಟಕ್ಕಾಗಲ್ಲ, ನಾಳೆ ಮಾರ್ತೀನಿ ಅಂದ್ರೆ ತಗೊಳ್ಳೋರಿಲ್ಲ. ಎಂತಕ್ಕಮ್ಮ ಅದು?"

ಗುಡ್ಡ ಕಾಣುತ್ತದೆ ಎಂದು ಹೇಳಲು ಬಾಯಿ ಬರಲಿಲ್ಲ. "ಗಾಳಿ ಚೆನ್ನಾಗಿದೆ," ಎಂದೆ.

"ಗಾಳಿಗೆ ಯಾರಾದ್ರೂ ದುಡ್ಡು ಹಾಕ್ತಾರಾ?"

ಆದರೂ ಅವಳೇ ಕೂತು ಪಹಣಿ ತೆಗೆಸಿದಳು. ಒಂಬತ್ತನೇ ಕಾಲಂನಲ್ಲಿ ಮುದುಕನ ಹೆಸರು ಸರಿಯಾಗಿತ್ತು. ಹನ್ನೊಂದರಲ್ಲಿ ಏನೂ ಇರಲಿಲ್ಲ. ಇಸಿಯೂ ಚೊಕ್ಕ. ನಾನು ಮುಂಗಡ ಕೊಟ್ಟೆ, ಅಗ್ರಿಮೆಂಟಿಗೆ ಸಹಿ ಹಾಕಿದೆ. ಇನ್ನು ಸರ್ವೆ ಮಾಡಿಸಿ ಕಲ್ಲು ನೆಡಿಸಬೇಕು, ಆಮೇಲೆ ರಿಜಿಸ್ಟ್ರೇಷನ್. ಅಷ್ಟರಲ್ಲಿ ಮಳೆ ಹಿಡಿಯಿತು. ಮಳೆ ಸ್ವಲ್ಪ ಬಿಟ್ಟಾಗ ನಿಮ್ಮ ಅಮ್ಮ ಸರ್ವೆಯವರಿಗೆ ದಿನ ಕೇಳಿದಳು. ನಾನು ಬೇಡ ಎಂದೆ.

"ಹುಣ್ಣಿಮೆ ಕಳೀಲಿ," ಎಂದೆ.

ನಮ್ಮ ಮನೆಯಲ್ಲಿ ಹಾಗಿತ್ತು, ಬೇರೆಯವರಲ್ಲಿ ಇತ್ತೋ ಇಲ್ಲವೋ ಗೊತ್ತಿಲ್ಲ. ನಾಟಿ ಮುಗಿದ ಮೇಲೆ ಭೂಮಿ ಹುಣ್ಣಿಮೆಯ ಬಯಕೆ ಆಗುವವರೆಗೆ ನೆಲಕ್ಕೆ ಹಾರೆ ಹಾಕುತ್ತಿರಲಿಲ್ಲ, ಹೊಸ ಗೂಟ ಹೊಡೆಯುತ್ತಿರಲಿಲ್ಲ. ಹೊಟ್ಟೆಯಲ್ಲಿ ಇರುವಾಗ ಚುಚ್ಚಬಾರದು ಎಂದು ಅಮ್ಮ ಹೇಳುತ್ತಿದ್ದಳು.

"ಬಸುರಿಗೆ ಇಂಜೆಕ್ಷನ್ ಕೊಡಲ್ವಾ?" ಎಂದು ಕೇಳಿದಳು ನಿಮ್ಮ ಅಮ್ಮ. "ನನಗೆ ಎಷ್ಟು ಚುಚ್ಚಿದ್ರು, ನೀನೇ ಜೊತೆಗೆ ಬಂದಿದ್ಯಲ್ಲ."

"ಇಂಜೆಕ್ಷನ್ ಬೇರೆ. ಅಳತೆ ತೆಗೆಯೋದು ಬೇರೆ. ನಿಮ್ಮಪ್ಪ ಬಸುರಿ ಹೆಂಗಸರ ರವಿಕೆಗೆ ಅಳತೆ ತೆಗೀತಿರ್ಲಿಲ್ಲ. ಹೆರಿಗೆ ಆಗ್ಲಿ, ಆಮೇಲೆ ಬನ್ನಿ ಅಂತಿದ್ರು."

"ಅದು ಅಳತೆ ಬದಲಾಗ್ತದೆ ಅಂತ."

"ನೆಲದ್ದೂ ಆಗ್ಬಹುದು," ಎಂದೆ, ಮಾತಿಗೆ.

ಇವತ್ತು ನಿಮಗೆ ನಿಜ ಹೇಳುತ್ತೇನೆ. ಪದ್ಧತಿ ಅರ್ಧ, ಹೆದರಿಕೆ ಅರ್ಧ. ಯಾರೋ ಸರಪಳಿ ಹಿಡಿದುಕೊಂಡು ಬಂದು ಅಳೆದು, ಏನೋ ಸರಿ ಇಲ್ಲ ಎಂದುಬಿಟ್ಟರೆ? ಹುಣ್ಣಿಮೆಯವರೆಗಾದರೂ ಆ ಜಾಗ ನನ್ನದಾಗಿರಲಿ, ಒಂದು ಸಲ ಬುಟ್ಟಿ ಹೊತ್ತುಕೊಂಡು ಹೋಗುತ್ತೇನೆ, ಆಮೇಲೆ ಬೇಕಾದ್ದು ಅಳೆಯಲಿ. ಹೀಗಿತ್ತು ನನ್ನ ಮನಸ್ಸು.

ಆ ಮಳೆಗಾಲ ನಾನು ಬಹಳ ಸುಖವಾಗಿದ್ದೆ. ಬುಟ್ಟಿ ಇಳಿಸಿ ಧೂಳು ಒರೆಸಿ ಹೊಸದಾಗಿ ಕೆಮ್ಮಣ್ಣು ಬಳಿದೆ. ಅಮ್ಮ ಬರೆಯುತ್ತಿದ್ದ ಏಣಿ, ಭತ್ತದ ಸಸಿ, ಜೋಡೆತ್ತು, ಎಲ್ಲ ಕೈಗೆ ನೆನಪಿತ್ತು. ಆ ವರ್ಷ ಮಳೆ ಚೆನ್ನಾಗಿ ಹೊಡೆಯಿತು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಎಲ್ಲಿ ನೋಡಿದರೂ ಅದೇ ಮಾತು, ಈ ಸಲ ಡ್ಯಾಮ್ ತುಂಬುತ್ತದಂತೆ, ಗೇಟ್ ತೆಗೆಯುತ್ತಾರಂತೆ. ಆಗಲಿ, ಒಳ್ಳೆಯದೇ ಎಂದು ನಾನೂ ತಲೆಯಾಡಿಸಿದೆ. ಅದೇ ನೀರಿಗೆ ಊರು ಬಿಟ್ಟವಳು ನಾನು. ತುಂಬಿದರೆ ನೀರು ಎಲ್ಲಿಗೆ ಬರುತ್ತದೆ ಎಂದು ಒಂದು ಸಲವೂ ಯೋಚಿಸಲಿಲ್ಲ. ಮನಸ್ಸಿನಲ್ಲಿ ಆ ಜಾಗ ವೈಶಾಖದಲ್ಲಿ ನೋಡಿದ ಹಾಗೇ ಇತ್ತು, ಹುಲ್ಲು, ಬೊಡ್ಡೆ, ದೂರದಲ್ಲಿ ನೀರು.

ಹುಣ್ಣಿಮೆಗೆ ನಿಮ್ಮ ಅಮ್ಮ ಹಿಂದಿನ ದಿನವೇ ತೀರ್ಥಹಳ್ಳಿಯಿಂದ ಬಂದಳು. ಬೈಯುತ್ತಲೇ ಸೊಪ್ಪು ಸೋಸಿದಳು. ಆನಂದಪುರದ ಕಡೆಯಿಂದ ನನ್ನ ಅಣ್ಣ ಬಂದ. ನನಗಿಂತ ಹತ್ತು ವರ್ಷ ದೊಡ್ಡವನು, ಊರು ಬಿಡುವಾಗ ಅವನು ಆಳಿನ ಸಮಕ್ಕೆ ದುಡಿಯುತ್ತಿದ್ದವನು. ಏಜೆಂಟ್ ಕಾರು ತಂದ. ಬೆಳಕು ಹರಿಯುವಷ್ಟರಲ್ಲಿ ನಾವು ಮುದುಕನ ಮನೆ ದಾಟಿ ಗದ್ದೆಯ ಬದುವಿನ ಮೇಲೆ ಇಳಿಯುತ್ತಿದ್ದೆವು. ಬುಟ್ಟಿ ನನ್ನ ತಲೆಯ ಮೇಲೆ. ಮುಂದೆ ಹೋಗುತ್ತಿದ್ದ ಏಜೆಂಟ್ ನಿಂತುಬಿಟ್ಟ.

ಗದ್ದೆ ಮುಗಿದಲ್ಲಿಗೆ ನೀರು ಶುರುವಾಗಿತ್ತು. ಹುಲ್ಲು ಇಲ್ಲ, ಬೊಡ್ಡೆ ಇಲ್ಲ. ನಾನು ಕೂತಿದ್ದ ಕಲ್ಲಿನ ಬುಡಕ್ಕೆ ಸಣ್ಣ ಸಣ್ಣ ಅಲೆ ಬಡಿಯುತ್ತಿತ್ತು.

"ನಿನ್ ಜಾಗ ಎಲ್ಲೇ?" ಎಂದು ಅಣ್ಣ ಕೇಳಿದ.

ನಾನು ನೀರಿನ ಕಡೆ ಕೈ ತೋರಿಸಿದೆ.

ಅಣ್ಣ ಕಲ್ಲಿನ ಹತ್ತಿರ ಹೋಗಿ ಬಗ್ಗಿ, ಅದರ ಮೈ ಮೇಲೆ ಬೆರಳಾಡಿಸಿ ಏನೋ ಹುಡುಕಿದ. ಕೆತ್ತಿದ ಅಂಕಿ ಒಂದು ಸಿಕ್ಕಿತು. "ಇದು ಗದ್ದೆಯ ಗಡಿಕಲ್ಲಲ್ಲ ಕಣೆ. ಮುಳುಗಡೆ ಕಲ್ಲು. ಇದನ್ನ ನೆಡುವಾಗ ನಾನೇ ನೋಡಿದೀನಿ. ಇದರಿಂದ ಕೆಳಗಿರೋರೆಲ್ಲ ಎದ್ದು ಹೋಗ್ಬೇಕು ಅಂತ ಹೇಳಿದ್ರಲ್ಲ, ಅದೇ ಕಲ್ಲು," ಎಂದ. ನೆಟ್ಟಗೆ ನಿಂತು, "ಒಂದು ಸಲ ಎಬ್ಬಿಸಿದ್ದು ಸಾಲಲಿಲ್ವಾ ನಿಂಗೆ, ದುಡ್ಡು ಕೊಟ್ಟು ಕೆಳಗೆ ಹೋಗ್ತೀಯ?" ಎಂದ.

ಮುದುಕ ಅಷ್ಟರಲ್ಲಿ ಬಂದ. ಪಹಣಿಯಲ್ಲಿದ್ದದ್ದು ಕಲ್ಲಿನಿಂದ ಮೇಲಿನ ಅವನ ಗದ್ದೆಯ ನಂಬರು. ಕೆಳಗಿನದು ಎಂದೋ ಮುಳುಗಡೆಗೆ ಹೋದ ನೆಲ. ನೀರು ಕಡಿಮೆ ಇದ್ದ ವರ್ಷಗಳಲ್ಲಿ ಅವರ ಮನೆಯವರು ಹುರುಳಿ, ಉದ್ದು ಹಾಕಿಕೊಂಡು ಬಂದಿದ್ದರು. ಹಾಕಿ ಹಾಕಿ ತಮ್ಮದೇ ಅನ್ನಿಸಿತ್ತು. "ಮೋಸ ಮಾಡ್ಬೇಕು ಅಂತ ಅಲ್ಲ ತಾಯೀ," ಎಂದ ಮುದುಕ. "ಮೂರ್ನಾಲ್ಕು ವರ್ಷ ಇಲ್ಲಿವರೆಗೆ ಬಂದಿರ್ಲಿಲ್ಲ ನೀರು. ನಾನೂ ಮರ್ತೇಬಿಟ್ಟಿದ್ದೆ."

ನಾನೂ ಮರೆತಿದ್ದೆನಲ್ಲ.

ನಿಮ್ಮ ಅಮ್ಮ ಬೈಯುತ್ತಾಳೆ ಎಂದುಕೊಂಡೆ. ಅವಳು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, "ಒಂಬತ್ತನೇ ಕಾಲಂ ನೋಡ್ದೆ. ಇಲ್ಲಿಗೆ ಒಂದ್ಸಲ ಬಂದು ನೋಡ್ಲಿಲ್ಲ," ಎಂದು ತನಗೇ ಹೇಳಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಹುಣ್ಣಿಮೆ ಕಾಪಾಡ್ತು ಬಿಡು. ನನ್ನ ಮಾತು ಕೇಳಿ ಅವಸರದಲ್ಲಿ ರಿಜಿಸ್ಟ್ರೇಷನ್ ಮಾಡಿಸಿಬಿಟ್ಟಿದ್ರೆ..." ಎಂದಳು. ಸರ್ವೆ ಮಾಡಿಸಿದ್ದರೂ ಆಗಲೇ ಗೊತ್ತಾಗುತ್ತಿತ್ತು. ಅದನ್ನು ಅವಳು ಹೇಳಲಿಲ್ಲ.

ಬುಟ್ಟಿ ಇನ್ನೂ ನನ್ನ ತಲೆಯ ಮೇಲೇ ಇತ್ತು. ಇಳಿಸಿಕೊಂಡು ಎದೆಗೆ ಹಿಡಿದು ನಿಂತೆ. ಮುದುಕನ ಗದ್ದೆಗೆ ಅವನ ಮನೆಯವರು ಆಗಲೇ ಬೀರಿ ಹೋಗಿದ್ದರು. ಭತ್ತದ ಪೈರಿನ ಮೇಲೆ ಅನ್ನದ ಅಗುಳು ಕಾಣುತ್ತಿತ್ತು.

"ಎಲ್ಲಿಗೆ ಬೀರೋದು?" ಎಂದು ಅಣ್ಣನನ್ನು ಕೇಳಿದೆ. ಕೇಳಿದ ಮೇಲೆ ಅದು ಅಮ್ಮನ ಮಾತು ಎಂದು ಗೊತ್ತಾಯಿತು. ಅಣ್ಣನಿಗೂ ಗೊತ್ತಾಗಿರಬೇಕು. ಅವನು ಗುಡ್ಡದ ತಲೆಯನ್ನೇ ನೋಡುತ್ತಿದ್ದ.

"ಅಲ್ಲೇ," ಎಂದ. "ಅಡಿಯಲ್ಲಿರೋದೂ ನೆಲವೇ ಅಲ್ವಾ."

ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದೆ. ಕೆಳಗೆ ಹುಲ್ಲು ಮೆತ್ತಗೆ ಸಿಕ್ಕಿತು, ಇನ್ನೂ ಕೊಳೆತಿರಲಿಲ್ಲ. ಮೊದಲ ಹಿಡಿ ಬೀರಿದೆ. ಎರಡನೇ ಹಿಡಿ ಬೀರಿ ಉಣ್ಣು ತಾಯೀ ಎಂದು ಕೂಗಿದೆ. ಅಷ್ಟು ದೊಡ್ಡ ಸ್ವರ ನನ್ನೊಳಗೆ ಇದೆ ಎಂದು ನನಗೇ ಗೊತ್ತಿರಲಿಲ್ಲ. ಅದು ನೀರಿನ ಮೇಲೆ ಹೋಗಿ ಗುಡ್ಡಕ್ಕೆ ತಾಗಿ ತಿರುಗಿ ಬಂತು. ದಡದಿಂದ ಅಣ್ಣನೂ ಕೂಗಿದ. ಸೊಪ್ಪು ತೇಲಿತು, ಅನ್ನ ಮುಳುಗಿತು, ಸಣ್ಣ ಮೀನುಗಳು ಬಂದು ಕಾಲಿಗೆ ಮುತ್ತಿದವು. ಬುಟ್ಟಿ ಬರಿದಾಗುವವರೆಗೆ ಬೀರಿದೆ. ಏನೂ ಉಳಿಸಲಿಲ್ಲ.

ದಡಕ್ಕೆ ಬಂದಾಗ ಏಜೆಂಟ್ ಚಪ್ಪಲಿ ಬಿಟ್ಟು ನಿಂತಿದ್ದ. "ಅಕ್ಕಾ, ಈ ಸ್ವರ ಇಟ್ಕೊಂಡು ಚೌಕಾಶಿಗೆ ಬಾಯಿ ಬರಲ್ಲ ಅಂತೀರಲ್ಲ," ಎಂದ. ಅವನ ಕಣ್ಣು ಒದ್ದೆಯಾಗಿತ್ತು.

ಮುದುಕ ಮುಂಗಡವನ್ನು ಎರಡು ಕಂತಿನಲ್ಲಿ ಪೂರ್ತಿ ವಾಪಸ್ ಕೊಟ್ಟ. ಜೊತೆಗೆ ಒಂದು ಚೀಲ ಹುರುಳಿ ಕಳಿಸಿದ. ನಮ್ಮೂರ ಕಡೆಯ ಹುರುಳಿ ಎಂದು ನಾನು ಅದನ್ನು ಬಹಳ ದಿನ ಮುಗಿಸದೆ ಇಟ್ಟುಕೊಂಡಿದ್ದೆ.

ಈಗಿರುವ ಸಾಗರದ ಸೈಟನ್ನೂ ತೋರಿಸಿದವನು ಅದೇ ಏಜೆಂಟ್. ಈ ಸಲ ನಾನು ಅವಸರ ಮಾಡಲಿಲ್ಲ. ಬೇಸಿಗೆಯಲ್ಲಿ ನೋಡಿದೆ, ಮಳೆ ಜೋರಾದಾಗ ಛತ್ರಿ ಹಿಡಿದು ಹೋಗಿ ನೋಡಿದೆ, ಹುಣ್ಣಿಮೆ ಹೊತ್ತಿಗೆ ಮತ್ತೆ ನೋಡಿದೆ. ಮೇಲಿನ ರಸ್ತೆಯ ನೀರು ಎಲ್ಲಿ ಹರಿಯುತ್ತದೆ, ಪಕ್ಕದ ಮನೆಯವರ ಬಾವಿ ಎಷ್ಟು ಆಳ, ಕಲ್ಲು ಯಾರು ನೆಟ್ಟದ್ದು, ಎಲ್ಲ ಕೇಳಿದೆ. ಬಾಯಿಬಿಟ್ಟೇ ಕೇಳಿದೆ. ನಿಮ್ಮಲ್ಲಿ ಯಾರಾದರೂ ಮುಂದೆ ಜಾಗ ಕೊಳ್ಳುವುದಾದರೆ ಕಾಗದ ನಿಮ್ಮ ಅಮ್ಮನಿಗೆ ತೋರಿಸಿ. ಅದಕ್ಕಿಂತ ಮೊದಲು ಜಾಗವನ್ನು ಎರಡು ಕಾಲದಲ್ಲಿ ಕಣ್ಣಾರೆ ನೋಡಿ. ಯಾವ ಜಾಗ ನೋಡಿದ ಕೂಡಲೇ ಎದೆ ಹೊಡೆದುಕೊಳ್ಳುತ್ತದೋ ಅದನ್ನು ಮೂರು ಸಲ ನೋಡಿ. ಇದು ಕಾಲಂನಲ್ಲಿ ಬರೆದಿರುವುದಿಲ್ಲ.

ರಿಜಿಸ್ಟ್ರೇಷನ್ ದಿನ ಕ್ಯಾಮೆರಾ ಎದುರು ಕೂರಿಸಿ, ಮುಖ ಎತ್ತಿ ಅಮ್ಮಾ, ಇನ್ನೂ ಎತ್ತಿ ಎಂದರು. ಹೆಬ್ಬೆಟ್ಟು ಒತ್ತಿಸಿಕೊಂಡರು. ಕಾಗದದ ಮೇಲಿನ ಆ ಫೋಟೋದಲ್ಲಿ ನಾನು ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಕಾಣುತ್ತೇನೆ. ನನ್ನ ಹೆಸರು ಮಾತ್ರ ಸರಿಯಾಗಿ ಬಂದಿದೆ.

ಮನೆ ಎದ್ದಿತು. ಮುಂದಿನ ಅರ್ಧ ಬಾಡಿಗೆಗೆ, ಹಿಂದಿನ ಅರ್ಧ ನನಗೆ. ಕೊನೆಗೆ ಮೇಸ್ತ್ರಿ ಸುತ್ತ ಸಿಮೆಂಟ್ ಹಾಕಲು ಬಂದ. ಒಂದು ಮೂಲೆ ಬಿಡಿ ಎಂದೆ. "ಕೆಸರಾಗ್ತದಮ್ಮ," ಎಂದ. "ಆಗ್ಲಿ. ಎಲ್ಲ ಮುಚ್ಚಿದ್ರೆ ಅದು ಉಣ್ಣೋದು ಹೇಗೆ?" ಎಂದೆ. ಅವನಿಗೆ ಅರ್ಥವಾಗಲಿಲ್ಲ, ಎಷ್ಟು ಬಿಡಬೇಕು ಎಂದು ಮಾತ್ರ ಕೇಳಿದ.

ನಾನು ಒಳಗೆ ಹೋಗಿ ನಿಮ್ಮ ಅಜ್ಜನ ಟೇಪು ತಂದೆ. ಅಂಕಿಗಳು ಅರ್ಧ ಅಳಿಸಿಹೋಗಿವೆ. ಗೋಡೆಯ ಮೂಲೆಗೆ ಒಂದು ತುದಿ ಇಟ್ಟು ಎಳೆಯಲು ಹೋದೆ, ಅದು ನನ್ನ ಜೊತೆಗೇ ಬಂತು. ಮತ್ತೆ ಇಟ್ಟೆ, ಮತ್ತೆ ಬಂತು. ಆ ತುದಿ ಹಿಡಿಯುವವರು ಇಲ್ಲ ಎಂಬುದು, ಅವರು ಹೋಗಿ ಅಷ್ಟು ಕಾಲವಾದ ಮೇಲೆ, ಆಗ ನನಗೆ ಪೂರ್ತಿ ತಿಳಿಯಿತು. ಮೇಸ್ತ್ರಿ ಹಿಡಿಯಲು ಬಂದ. ಬೇಡ ಎಂದೆ. ಒಂದು ಕಲ್ಲು ಹುಡುಕಿ ತುದಿಯ ಮೇಲೆ ಇಟ್ಟು ಅಳೆದೆ. ಐದಡಿ ಉದ್ದ, ಐದಡಿ ಅಗಲ. ಟೇಪು ಎಷ್ಟಿತ್ತೋ ಅಷ್ಟು.

ಅಲ್ಲಿ ಒಂದು ಮುಷ್ಟಿ ಭತ್ತ ಚೆಲ್ಲಿದ್ದೆ, ಹುಣ್ಣಿಮೆಯ ಹೊತ್ತಿಗೆ ಅದು ಹೊಡೆಯಾಗಿತ್ತು. ಬೆಳಗ್ಗೆ ಬುಟ್ಟಿ ಹಿಡಿದು ಹೊರಗೆ ಬಂದಾಗ ಬಾಡಿಗೆಗೆ ಇದ್ದ ಹೆಂಗಸು ಹಲ್ಲುಜ್ಜುತ್ತ ನಿಂತಿದ್ದಳು. ಎಂತದು ಎಂದು ಕೇಳಿದಳು. ಹೇಳಿದೆ. ಅವಳು ಬಾಯಿ ತೊಳೆದು ಬಂದು, "ನಾನೂ ಒಂದು ಹಿಡಿ ಬೀರ್ಲಾ, ಅಮ್ಮ? ನಮ್ ಊರಲ್ಲೂ ಗದ್ದೆ ಇತ್ತು," ಎಂದಳು. ಬೀರು ಎಂದು ಬುಟ್ಟಿ ಅವಳ ಮುಂದೆ ಹಿಡಿದೆ. ಇಬ್ಬರೂ ಕೂಗಿದೆವು. ಪಕ್ಕದ ಮನೆಯ ಕಿಟಕಿ ತೆರೆಯಿತು. ನನಗೆ ನಾಚಿಕೆಯಾಗಲಿಲ್ಲ.

ಐದಡಿ ಚೌಕ ಎಷ್ಟು ಉಂಡೀತು? ನೋಡಿದರೆ ಬುಟ್ಟಿಯಲ್ಲಿ ಇನ್ನೂ ಅರ್ಧ ಇತ್ತು. ಕೈ ತಾನಾಗಿ ನಿಂತಿತ್ತು. ಅಮ್ಮ ಅಂದು ಅರ್ಧ ಯಾಕೆ ವಾಪಸ್ ತಂದಳು ಎಂದು ನಾವು ಕೇಳಿರಲಿಲ್ಲ. ಇನ್ನು ಕೇಳುವುದು ಬೇಕಾಗಿಲ್ಲ.

ಉಳಿದದ್ದನ್ನು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು, ಆ ಮುಳುಗಡೆ ಕಲ್ಲಿನ ಕಡೆಗೆ, ಹೊಸನಗರದ ಮೊದಲ ಬಸ್ಸಿಗೆ ಹೊರಟೆ. ಅಣ್ಣ ಸಾಗರದ ಬಸ್ ಸ್ಟ್ಯಾಂಡಿಗೇ ಬಂದು ಕಾಯುತ್ತಿದ್ದ. ನಾನು ಅವನಿಗೆ ಬರಲು ಹೇಳಿರಲಿಲ್ಲ.